ನಂಟಿಗೆ ಪಹಣಿ ಕೇಳುವವರಿಗೆ

ಗಾಂಧಿ ಜಯಂತಿಯ ದಿನ ನಮ್ಮನ್ನು ಒಂದು ಜೈಲಿಗೆ ಪದ್ಯ ಓದಲು ಕರೆದಿದ್ದರು. ಶಾಮಿಯಾನ ಹಾಕಿತ್ತು, ಹಾರ ತುರಾಯಿ ಇತ್ತು, ಕುಡಿಯಲು ಬಾದಾಮಿ ಹಾಲಿತ್ತು. ಶಿಕ್ಷೆಯಾದವರು ಬಿಳಿ ಬಟ್ಟೆಯಲ್ಲಿ ಮುಂದೆ, ವಿಚಾರಣೆಯವರು ಹರಕು ಅಂಗಿಯಲ್ಲಿ ಹಿಂದೆ, ನೆಲದ ಮೇಲೆ ಸಾಲಾಗಿ ಕೂತಿದ್ದರು. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ಬೇಡ ವಾಲ್ಮೀಕಿಯಾದ, ಅಂಗುಲಿಮಾಲ ಭಿಕ್ಷುವಾದ, ನೀವೂ ಮನಸ್ಸು ಬದಲಾಯಿಸಿಕೊಳ್ಳಿ, ಇದು ಜೈಲಲ್ಲ ಆಶ್ರಮ ಅಂದುಕೊಳ್ಳಿ ಎಂದರು. ಚಪ್ಪಾಳೆ ಬಿತ್ತು. ನಾವೂ ಬಿಡುಗಡೆ ಅಂತ ಹೆಸರಿಟ್ಟ ಒಂದು ಪದ್ಯ ಓದಿದೆವು. ಅದಕ್ಕೂ ಚಪ್ಪಾಳೆ ಬಿತ್ತು.

ಹೊರಗೆ ಬಂದರೆ ಗೇಟಿನ ಎದುರು ಹುಣಸೇಮರದ ಕೆಳಗೆ ಮೂವತ್ತು ನಲವತ್ತು ಹೆಂಗಸರು ಬುತ್ತಿಗಂಟು ಇಟ್ಟುಕೊಂಡು ಕೂತಿದ್ದರು. ಅವತ್ತು ಸರ್ಕಾರಿ ರಜ, ಸಂದರ್ಶನ ಇಲ್ಲ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬಂದವರು ಸಂಜೆಯ ಬಸ್ಸಿಗೆ ಕಾಯ್ತಿದ್ದರು. ನಮ್ಮ ಕೈಯಲ್ಲಿದ್ದ ಹಾರ ನೋಡಿ ಒಬ್ಬ ಮುದುಕಿ ಎದ್ದು ಬಂದಳು. ‘ಒಳಕ್ಕೆ ಹೋಗಿದ್ರಲ್ಲ ಸ್ವಾಮಿ, ನಮ್ ಹುಡುಗನ್ನ ಏನಾರ ಕಂಡ್ರಾ? ಎಡಗಣ್ಣಿನ ಹುಬ್ಬಿನ ಮ್ಯಾಲೆ ಗಾಯದ ಗುರ್ತೈತೆ’ ಅಂದಳು.

ಅವಳ ಮಗನ ಎದುರಿಗೇ ನಿಂತು ಬಿಡುಗಡೆಯ ಪದ್ಯ ಓದಿ ಬಂದಿದ್ದೆವೋ ಏನೋ. ನಾವು ಮುಖ ನೋಡಿರಲಿಲ್ಲ. ಅವತ್ತು ಆ ಮುದುಕಿಗೆ ಕೊಡಲಾಗದೆ ಹೋದ ಉತ್ತರವನ್ನು ಇವತ್ತು ಇಲ್ಲಿ ಬರೆಯುತ್ತಿದ್ದೇವೆ.

*

ನಾವು ಹೇಳಬೇಕಾದ್ದು ಇಷ್ಟು. ಮನುಷ್ಯ ಉಪದೇಶದಿಂದ ರಿಪೇರಿಯಾಗುವ ಯಂತ್ರವಲ್ಲ. ಹೊರಗೆ ತನಗಾಗಿ ಒಂದು ಜೀವ ಕಾಯ್ತಾ ಇದೆ ಅನ್ನುವುದು ಅವನನ್ನು ಒಳಗೆ ಮನುಷ್ಯನನ್ನಾಗಿ ಉಳಿಸುತ್ತದೆ. ಹೊರಗೆ ಬಂದ ಮೇಲೆ ಮತ್ತೆ ಒಳಗೆ ಹೋಗದ ಹಾಗೆ ರಟ್ಟೆ ಹಿಡಿದು ನಿಲ್ಲಿಸುವುದೂ ಅದೇ. ಈ ವ್ಯವಸ್ಥೆ ಮೊದಲು ಆ ನಂಟನ್ನು ಕತ್ತರಿಸುತ್ತದೆ. ಆಮೇಲೆ ಪುನರ್ವಸತಿ ಅಂತ ಬೋರ್ಡು ಬರೆಸುತ್ತದೆ. ಕತ್ತರಿಸುವುದೂ ಎಲ್ಲರದನ್ನಲ್ಲ. ಪಹಣಿ ಇದ್ದವನ ನಂಟು ಜೈಲಿನ ಗೋಡೆ ಹಾರುತ್ತದೆ. ಪಹಣಿ ಇಲ್ಲದವನ ನಂಟು ಗೇಟಿನ ಮುಂದಿನ ಹುಣಸೇಮರದ ಕೆಳಗೆ ಒಣಗುತ್ತದೆ.

2024ರ ಆಗಸ್ಟ್ ತಿಂಗಳಲ್ಲಿ ಪರಪ್ಪನ ಅಗ್ರಹಾರ ಜೈಲಿನ ಒಳಗಿನಿಂದ ಒಂದು ಫೋಟೋ ಹೊರಬಂತು. ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸಿಗರೇಟು ಹಿಡಿದು, ಒಬ್ಬ ಸಿನಿಮಾ ನಟ ಗೆಳೆಯರೊಂದಿಗೆ ಹರಟುತ್ತಾ ಕೂತಿದ್ದ. ವಿಡಿಯೋ ಕಾಲಿನಲ್ಲಿ ಹೊರಗಿನವರ ಜತೆ ಮಾತಾಡಿದ್ದೂ ನಾಡಿಗೆಲ್ಲ ಹರಿದಾಡಿತು. ಅವನೂ ವಿಚಾರಣಾ ಕೈದಿಯೇ, ನಮ್ಮ ಮುದುಕಿಯ ಮಗನೂ ವಿಚಾರಣಾ ಕೈದಿಯೇ. ಅವನು ಹೊರಗಿನವರ ಜತೆ ಮಾತಾಡಿದ್ದಕ್ಕೆ ನಮ್ಮ ಹೊಟ್ಟೆ ಉರಿಯೋದಿಲ್ಲ. ಮಾತಾಡಲಿ. ಅದೇ ಮಾತಿಗೆ ನಮ್ಮವರು ಯಾಕೆ ಮರದ ಕೆಳಗೆ ದಿನವೆಲ್ಲ ಕೂರಬೇಕು ಅನ್ನುವುದು ನಮ್ಮ ಪ್ರಶ್ನೆ.

ನಂಟು ಅಂದರೆ ಕವಿಗಳ ಕಣ್ಣೀರು ಅಂತ ಕೆಲವರು ನಗಬಹುದು. ಅಂಥವರಿಗೆ ಲೆಕ್ಕವೂ ಇದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಜೈಲು ಇಲಾಖೆ 2003ರಿಂದ 2007ರವರೆಗೆ ಬಿಡುಗಡೆಯಾದ 16,420 ಕೈದಿಗಳನ್ನು ಹಿಂಬಾಲಿಸಿ 2011ರಲ್ಲಿ ಒಂದು ವರದಿ ಕೊಟ್ಟಿತು. ಒಳಗಿದ್ದಾಗ ಯಾರಾದರೂ ನೋಡಲು ಬಂದಿದ್ದವರು ಮತ್ತೆ ಅಪರಾಧ ಮಾಡಿ ಶಿಕ್ಷೆಗೊಳಗಾಗುವ ಸಂಭವ ಶೇಕಡ 13ರಷ್ಟು ಕಡಿಮೆ ಎಂದಿತು. ನಮ್ಮ ಅವ್ವಂದಿರಿಗೆ ಮೊದಲಿಂದ ಗೊತ್ತಿದ್ದದ್ದನ್ನೇ ಅವರು ಹದಿನಾರು ಸಾವಿರ ಜನರನ್ನು ಎಣಿಸಿ ಹೇಳಿದರು. ಇರಲಿ, ನಮ್ಮ ಅವ್ವಂದಿರ ಮಾತನ್ನು ನಂಬದ ಸಾಹೇಬರು ಅಮೆರಿಕದ ಮಾತನ್ನಾದರೂ ನಂಬಲಿ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳೂ ಇದನ್ನೇ ಹೇಳುತ್ತವೆ. ಕೈದಿಯನ್ನು ಆದಷ್ಟು ಅವನ ಮನೆಗೆ ಹತ್ತಿರದ ಜೈಲಿನಲ್ಲಿಡಿ, ಮನೆಯವರ ಜತೆ ಅವನ ಸಂಬಂಧ ಕೆಡದ ಹಾಗೆ ನೋಡಿಕೊಳ್ಳಿ ಅನ್ನುತ್ತವೆ. ಇಪ್ಪತ್ತೇಳು ವರ್ಷ ಜೈಲಿನಲ್ಲಿದ್ದವನ ಹೆಸರಿನ ನಿಯಮ ಅದು. ಸೆಮಿನಾರಿನಲ್ಲಿ ಓದಿ ಫೈಲಿನಲ್ಲಿ ಕಟ್ಟಿಡುವ ಕಾಗದವಲ್ಲ.

*

ಈಗ ನಮ್ಮ ಮನೆಯ ಮಾತು.

ನಮ್ಮ ದೊಡ್ಡವ್ವನ ಮಗ, ನಮಗೆ ಅಣ್ಣನಾಗಬೇಕು, 2021ರ ದೀಪಾವಳಿ ಕಳೆದ ವಾರ ಒಂದು ಪಂಪ್‌ಸೆಟ್ಟಿನ ಮೋಟಾರು ಕದ್ದ ಕೇಸಿನಲ್ಲಿ ಒಳಗೆ ಹೋದ. ಕದ್ದನೋ ಇಲ್ಲವೋ ನಮಗೆ ಗೊತ್ತಿಲ್ಲ. ಸುಳ್ಳು ಹೇಳಿ ಅವನನ್ನು ಸತ್ಯಹರಿಶ್ಚಂದ್ರ ಮಾಡಲು ನಾವು ಬರೆಯುತ್ತಿಲ್ಲ. ಕದ್ದಿದ್ದರೂ ಆ ಕಳ್ಳತನಕ್ಕೆ ಹಳೆಯ ಕಾನೂನಿನಲ್ಲಿ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಎರಡನೇ ತಿಂಗಳಿಗೆ ಕೋರ್ಟು ಜಾಮೀನು ಕೊಟ್ಟಿತು. ಹಟ್ಟಿಯಲ್ಲಿ ದೊಡ್ಡವ್ವ ಸಕ್ಕರೆ ಹಂಚಿದಳು.

ಸಕ್ಕರೆ ಹಂಚಿ ಒಂದು ವರ್ಷ ಕಳೆದರೂ ಅವನು ಹೊರಗೆ ಬರಲಿಲ್ಲ. ಯಾಕೆಂದರೆ ಆರ್ಡರಿನ ಕೊನೆಗೆ ಒಂದು ಸಾಲಿತ್ತು. ಜಮೀನಿರುವ ಇಬ್ಬರು ಸ್ಥಳೀಯರ ಭದ್ರತೆ. ಲಾಯರು ‘ಪಹಣಿ ತಗೊಂಬರ್ರೀ’ ಅಂದರು. ನಮ್ಮ ಹಟ್ಟಿಯಲ್ಲಿ ಎಂಬತ್ತು ಮನೆ. ಎಂಬತ್ತು ಮನೆಯವರೂ ಅವನಿಗೆ ಅಣ್ಣ, ತಮ್ಮ, ಮಾವ, ಭಾವ. ಅವನು ಓಡಿಹೋಗೋದಿಲ್ಲ ಅಂತ ಮಾರಮ್ಮನ ಗುಡಿ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡುವವರು ಎಂಬತ್ತು ಮನೆಯಲ್ಲೂ ಇದ್ದರು. ಪಹಣಿ ಇದ್ದವರು ಒಬ್ಬರೂ ಇರಲಿಲ್ಲ. ಸರ್ಕಾರ ಕೊಟ್ಟ ದರಕಾಸ್ತು ಜಮೀನು ನಾಕು ಜನಕ್ಕೆ ಬಂದಿತ್ತು, ಪಹಣಿಯ ಕಲಂನಲ್ಲಿ ಇನ್ನೂ ಸರ್ಕಾರದ ಹೆಸರೇ ಇತ್ತು. ‘ನಾನು ಹೆತ್ತವ್ಳು ಸ್ವಾಮಿ, ನಾನು ಹೊಣೆ’ ಅಂತ ದೊಡ್ಡವ್ವ ಕೋರ್ಟಿನ ಗುಮಾಸ್ತನ ಮುಂದೆ ನಿಂತಳು. ಆತ ನಕ್ಕ. ಹೆತ್ತದ್ದಕ್ಕೆ ಸರ್ವೇ ನಂಬರು ಇರೋದಿಲ್ಲವಲ್ಲ.

ಗೆಳೆಯರೆ, ಜಾಮೀನು ಅಂದರೆ ಏನು? ಈ ಮನುಷ್ಯ ನಮ್ಮವನು, ಇವನನ್ನು ನಾವು ಕರೆತರುತ್ತೇವೆ ಅಂತ ನಂಟಸ್ತರು ಹೇಳುವ ಮಾತು. ಮೂಲದಲ್ಲಿ ಅದು ನಂಟಿನ ಮಾತೇ. ಈ ದೇಶದ ಕೋರ್ಟು ಕಚೇರಿಗಳು ಆ ಮಾತನ್ನು ತಿರುಚಿ ಜಮೀನಿನ ಮಾತು ಮಾಡಿವೆ. ಹಿಂಗಾಗಿ ಎಂಬತ್ತು ಮನೆಯ ನಂಟಿದ್ದವನು ಅನಾಥನಾದ.

ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲ ಅಂತಲ್ಲ. 1978ರಲ್ಲೇ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನ ಕೇಸು ಅದರ ಮುಂದೆ ಬಂತು. ಹತ್ತು ಸಾವಿರ ರೂಪಾಯಿ ಭದ್ರತೆ ಕೇಳಿದ್ದ ಮ್ಯಾಜಿಸ್ಟ್ರೇಟರು, ಜಾಮೀನು ನಿಲ್ಲಲು ಬಂದ ಅವನ ಒಡಹುಟ್ಟಿದ ಅಣ್ಣನನ್ನು ಬೇರೆ ಜಿಲ್ಲೆಯವನು ಅಂತ ವಾಪಸು ಕಳಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಖಂಡಿಸಿ ಒಂದು ಸಾವಿರದ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಎಂದರು. 1979ರಲ್ಲಿ ಹುಸೇನಾರಾ ಖಾತೂನ್ ಕೇಸಿನಲ್ಲಿ ಬಿಹಾರದ ಜೈಲುಗಳು ಬಾಯಿ ತೆರೆದವು. ಶಿಕ್ಷೆಯಾಗಿದ್ದರೆ ಇರಬೇಕಾದ್ದಕ್ಕಿಂತ ಹೆಚ್ಚು ಕಾಲ ವಿಚಾರಣೆಯಲ್ಲೇ ಕೊಳೆತವರು ಹೊರಬಂದರು. 2023ರ ಜನವರಿ 31ರಂದು ಅದೇ ಕೋರ್ಟು ಮತ್ತೆ ಹೇಳಿತು. ಜಾಮೀನು ಸಿಕ್ಕ ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾರದಿದ್ದರೆ ಕೋರ್ಟು ತಾನೇ ಷರತ್ತು ಸಡಿಲಿಸುವುದನ್ನು ಯೋಚಿಸಬೇಕು, ಸ್ಥಳೀಯ ಭದ್ರತೆಗೆ ಹಟ ಹಿಡಿಯಬಾರದು ಎಂದಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ಅಂತ ಒಂದು ಯೋಜನೆ ತಂದು ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವರ ದಂಡಕ್ಕೆ 25,000ದವರೆಗೆ ಕೊಡುತ್ತೇವೆ ಎಂದಿತು. ಮೋತಿರಾಮನಿಂದ ಇಲ್ಲಿಗೆ 45 ವರ್ಷ. ತೀರ್ಪು ದಿಲ್ಲಿಯಲ್ಲಿ, ಗುಮಾಸ್ತ ತಾಲೂಕಿನಲ್ಲಿ. ನಡುವೆ ನಮ್ಮ ದೊಡ್ಡವ್ವ.

ಕೊನೆಗೆ 2023ರ ಫೆಬ್ರುವರಿಯಲ್ಲಿ ಊರಿನ ಒಬ್ಬ ಯಜಮಾನ ‘ಪಾಪ, ನಮ್ಮೂರ ಹುಡುಗ’ ಅಂತ ಕರುಣೆ ತೋರಿಸಿದ. ತನ್ನ ಪಹಣಿ, ತನ್ನ ತಮ್ಮನ ಪಹಣಿ ಎರಡೂ ಕೊಟ್ಟ. ಹದಿನೈದು ತಿಂಗಳಾದ ಮೇಲೆ ಅಣ್ಣ ಹೊರಗೆ ಬಂದು, ಮನೆಗೆ ಬಂದು ಮುದ್ದೆ ಉಂಡು, ಮಾರನೇ ಬೆಳಿಗ್ಗೆಯಿಂದ ಯಜಮಾನನ ತೋಟಕ್ಕೆ ಹೋದ. ಇವತ್ತಿಗೂ ಹೋಗುತ್ತಿದ್ದಾನೆ. ಕೂಲಿ ಇಲ್ಲ, ಹೊತ್ತಿಗೊಂದು ಊಟ. ಬಿಟ್ಟರೆ? ‘ಬಿಟ್ಟು ಹೋಗ್ತೀಯೇನ್ಲಾ? ಹೋಗು. ಕೋರ್ಟಿಗೆ ಅರ್ಜಿ ಹಾಕಿ ಜಾಮೀನು ವಾಪಸ್ ತಗೋತೀನಿ.’ ಜಾಮೀನುದಾರ ಬೇಕೆಂದಾಗ ಹೊಣೆಯಿಂದ ಬಿಡಿಸಿಕೊಳ್ಳಲು ಕಾನೂನಿನಲ್ಲಿ ದಾರಿ ಇದೆ. ಬಿಡಿಸಿಕೊಂಡರೆ, ಬೇರೆ ಪಹಣಿ ಸಿಗದಿದ್ದರೆ, ಕೈದಿ ಮತ್ತೆ ಒಳಗೆ. ಕೇಸು ಇನ್ನೂ ವಾಯಿದೆಯ ಮೇಲೆ ವಾಯಿದೆ ಬೀಳುತ್ತಿದೆ.

1976ರಲ್ಲಿ ಜೀತವನ್ನು ಕಾನೂನು ಮಾಡಿ ರದ್ದು ಮಾಡಿದರು. ನಮ್ಮ ಅಣ್ಣ ಜಾಮೀನಿನ ಬಾಗಿಲಿನಿಂದ ಜೀತಕ್ಕೆ ಹೋದ. ಜಮೀನು, ಜಾಮೀನು, ಜೀತ, ಮೂರಕ್ಕೂ ಮೊದಲಕ್ಷರ ಒಂದೇ. ಇದನ್ನು ಯಾವ ಪುನರ್ವಸತಿ ಇಲಾಖೆಯ ಲೆಕ್ಕದಲ್ಲಿ ಬರೆಯುತ್ತೀರಿ ಸ್ವಾಮಿ? ನಿಮ್ಮ ಕಾಗದದಲ್ಲಿ ಅವನು ಸುಧಾರಿಸಿದ ಮನುಷ್ಯ. ಕದಿಯುತ್ತಿಲ್ಲ, ಕುಡಿಯುತ್ತಿಲ್ಲ, ತಲೆ ಎತ್ತುತ್ತಿಲ್ಲ.

*

ಒಳಗೆ ಯಾರಿದ್ದಾರೆ ಅನ್ನುವುದನ್ನೂ ನೋಡೋಣ. 2022ರ ಕೊನೆಯ ದಿನ ಈ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಇದ್ದ ಜಾಗ 4,36,266 ಜನಕ್ಕೆ. ಅವರಲ್ಲಿ 4,34,302 ಮಂದಿ ವಿಚಾರಣೆಯವರು. ಅಂದರೆ ನಾಕು ಜನರಲ್ಲಿ ಮೂವರು ತಪ್ಪು ಮಾಡಿದ್ದಾರೆ ಅಂತ ಇನ್ನೂ ಯಾವ ಕೋರ್ಟೂ ಹೇಳಿಲ್ಲ. 2011ರ ಜನಗಣತಿಯಂತೆ ದೇಶದಲ್ಲಿ ಪರಿಶಿಷ್ಟ ಜಾತಿಯವರು ಶೇಕಡ 16.6. ಜೈಲಿನಲ್ಲಿ ಹೆಚ್ಚುಕಮ್ಮಿ ಐದಕ್ಕೊಬ್ಬರು. ಇಸ್ಕೂಲಿನಲ್ಲಿ, ಆಫೀಸಿನಲ್ಲಿ, ಜಡ್ಜುಗಳ ಕುರ್ಚಿಯಲ್ಲಿ ನಮ್ಮ ಪಾಲಿಗೆ ಬರಬೇಕಾದ್ದು ಬರಲಿಲ್ಲ. ಇಲ್ಲೊಂದು ಕಡೆ ಪಾಲಿಗಿಂತ ಹೆಚ್ಚೇ ಕೊಟ್ಟಿದ್ದಾರೆ.

ಅಣ್ಣ ಒಳಗೆ ಹೋದ ಮೊದಲ ದಿನ ಅವನನ್ನು ಕೇಳಿದ ಮೊದಲ ಮಾತು ‘ಯಾವ ಜನ?’ ಹೇಳಿದ. ಕೈಗೆ ಪೊರಕೆ ಬಂತು. ಇದು ಒಂದು ಜೈಲಿನ ಕಥೆಯಲ್ಲ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ದೇಶಕ್ಕೆ ಗೊತ್ತಾಯಿತು. ಅಡಿಗೆ ಇಂಥ ಜಾತಿಯವರು ಮಾಡಬೇಕು, ಕಕ್ಕಸು ಇಂಥ ಜಾತಿಯವರು ಬಳಿಯಬೇಕು ಅಂತ ಎಷ್ಟೋ ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಚ್ಚಾಗಿಯೇ ಇತ್ತು. ತಮಿಳುನಾಡಿನ ಪಾಳಯಂಕೋಟೆ ಜೈಲಿನಲ್ಲಿ ಜಾತಿಗೊಂದು ವಿಭಾಗ ಮಾಡಿದ್ದರು. ಸಂವಿಧಾನ ಬಂದು ಎಪ್ಪತ್ತನಾಲ್ಕು ವರ್ಷದ ಮೇಲೆ ಕೋರ್ಟು ಇವನ್ನೆಲ್ಲ ಹೊಡೆದುಹಾಕಿ, ಜೈಲಿನ ರಿಜಿಸ್ಟರಿನಿಂದ ಜಾತಿಯ ಕಲಂ ತೆಗೆಯಿರಿ ಎಂದಿತು. ಕಾಗದದ ಕಲಂ ತೆಗೆಯಬಹುದು. ಮೊದಲ ದಿನದ ಆ ಮಾತನ್ನು ತೆಗೆಯುವವರು ಯಾರು?

ಜೈಲಿನೊಳಗೂ ಸಂಬಂಧಗಳು ಹುಟ್ಟುತ್ತವೆ. ಅಣ್ಣನಿಗೆ ಅಕ್ಷರ ಕಲಿಸಿದವನು ಒಬ್ಬ ಹಳೇ ಕೈದಿ. ಒಬ್ಬ ವಾರ್ಡರು ಮಾತ್ರ ‘ಏನಪ್ಪಾ, ಉಂಡೇನಪ್ಪಾ’ ಅಂತ ಕೇಳುತ್ತಿದ್ದನಂತೆ. ಹದಿನೈದು ತಿಂಗಳ ಕಥೆಯಲ್ಲಿ ಅಣ್ಣ ಮತ್ತೆ ಮತ್ತೆ ಹೇಳುವುದು ಈ ಇಬ್ಬರನ್ನೇ. ಅಲ್ಲಿ ನಡೆದ ಯೋಗದ ಕ್ಲಾಸನ್ನಾಗಲಿ ಭಾನುವಾರದ ಭಜನೆಯನ್ನಾಗಲಿ ಅವನು ಒಂದು ಸಲವೂ ನೆನೆದಿಲ್ಲ. ಮನುಷ್ಯ ಬದಲಾಗುವುದು ಒಬ್ಬ ಮನುಷ್ಯ ತನ್ನನ್ನು ಮನುಷ್ಯ ಅಂತ ಕರೆದಾಗ. ಪೊರಕೆ ಕೊಟ್ಟು ಜಾತಿ ಕೇಳಿದಾಗ ಅಲ್ಲ.

*

ನಮ್ಮ ಹಟ್ಟಿಯಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ಬಿ.ಎ.ಯಲ್ಲಿ ಮನಶ್ಶಾಸ್ತ್ರ ಇತ್ತು. ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ವೈದ್ಯ ಕಳ್ಳತನ ಮಾಡಿದ 44 ಮಕ್ಕಳನ್ನು ಪರೀಕ್ಷೆ ಮಾಡಿ 1944ರಲ್ಲಿ ಬರೆದದ್ದನ್ನು ಮೇಷ್ಟ್ರು ಪಾಠ ಮಾಡಿದರು. ಆ ಮಕ್ಕಳಲ್ಲಿ 14 ಮಂದಿಗೆ ಯಾರ ಮೇಲೂ ಪ್ರೀತಿಯೇ ಇರಲಿಲ್ಲ. ಆ 14ರಲ್ಲಿ 12 ಮಂದಿ ಎಳೆತನದಲ್ಲೇ ತಾಯಿಯಿಂದ ಬಹಳ ಕಾಲ ಅಗಲಿದ್ದವರು. ಕೂಸಿಗೂ ತಾಯಿಗೂ ಇರುವ ಅಂಟು ಹರಿದರೆ ಮನುಷ್ಯ ಹೀಗಾಗುತ್ತಾನೆ ಅಂತ ಮೇಷ್ಟ್ರು ಬರೆಸಿದರು. ಹಿಂದಿನ ಬೆಂಚಿನಲ್ಲಿ ಕೂತ ನಮಗೆ ಆ ‘ಅಂಟು’ ಎಂಬ ಮಾತು ಚುಚ್ಚಿತು. ನಮ್ಮನ್ನು ಮುಟ್ಟಿದರೆ ಅಂಟು ಅಂತಲ್ಲವೆ ಊರು ನಮ್ಮನ್ನು ಹೊರಗಿಟ್ಟದ್ದು! ಪುಸ್ತಕದಲ್ಲಿ ಅಂಟು ಅಂದರೆ ಬದುಕು, ಊರಿನಲ್ಲಿ ಅಂಟು ಅಂದರೆ ಮೈಲಿಗೆ.

ಬೌಲ್ಬಿಯ ಮಾತು ಹಿಡಿದುಕೊಂಡು ನಾಳೆ ಯಾರಾದರೂ, ನೋಡಿ ಇವರ ತಾಯಂದಿರು ಮಕ್ಕಳನ್ನು ಸರಿಯಾಗಿ ಸಾಕಲಿಲ್ಲ ಅನ್ನಬಹುದು. ಅನ್ನುವವರು ಇದ್ದಾರೆ. ನಮ್ಮ ಅವ್ವಂದಿರು ಕೂಸನ್ನು ಬದುವಿನ ಮೇಲೆ ಮಲಗಿಸಿ ಗದ್ದೆಗಿಳಿದದ್ದು ಪ್ರೀತಿ ಇಲ್ಲದೆ ಅಲ್ಲ, ಕೂಲಿ ಇಲ್ಲದೆ. ತಾಯಿಂದ ಮಕ್ಕಳನ್ನು ಕಿತ್ತವರು ಯಾರು ಅಂತ ಚರಿತ್ರೆ ತೆಗೆದು ನೋಡಿ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಇಡೀ ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಬರೆದರು. 1897ರ ತಿದ್ದುಪಡಿಯಲ್ಲಿ ಆ ಜನರ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣೆಯ ವಸಾಹತುಗಳಲ್ಲಿಡುವ ಅಧಿಕಾರ ತೆಗೆದುಕೊಂಡರು. ನೋಡಿ, ಅವತ್ತೂ ಮಾತು ಸುಧಾರಣೆಯದೇ! ಹುಬ್ಬಳ್ಳಿಯಲ್ಲಿ ತಂತಿಬೇಲಿಯೊಳಗೆ ಅಂಥ ಜನರನ್ನು ಕೂಡಿಹಾಕಿದ್ದ ಜಾಗವನ್ನು ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ. 1952ರಲ್ಲಿ ಆ ಕಾಯ್ದೆ ಹೋಯಿತು. ರೂಢಿಗತ ಅಪರಾಧಿ ಎಂಬ ಹೊಸ ಹೆಸರಿನ ಕಾಯ್ದೆಗಳು ಅದರ ಗಾದಿಗೆ ಬಂದವು.

ಇವತ್ತೂ ಕಿತ್ತುಕೊಳ್ಳುವುದು ನಿಂತಿಲ್ಲ. 2022ರ ಲೆಕ್ಕದಲ್ಲಿ 1,500ಕ್ಕೂ ಹೆಚ್ಚು ತಾಯಂದಿರು 1,700ಕ್ಕೂ ಹೆಚ್ಚು ಮಕ್ಕಳನ್ನು ಜೈಲಿನಲ್ಲೇ ಸಾಕುತ್ತಿದ್ದರು. 2006ರ ಸುಪ್ರೀಂ ಕೋರ್ಟಿನ ಆದೇಶದಂತೆ ಮಗುವಿಗೆ ಆರು ವರ್ಷದವರೆಗೆ ತಾಯಿಯ ಜತೆ ಇರಲು ಬಿಡುತ್ತಾರೆ. ಆರು ತುಂಬಿದ ಮೇಲೆ ಮಗು ಹೊರಗೆ ಹೋಗಬೇಕು. ಜೈಲಿನಲ್ಲಿ ಮಗು ಬೆಳೆಯಬಾರದು, ಸರಿ. ಆದರೆ ಆರು ವರ್ಷದ ಕೂಸಿನ ತಾಯಿ ಒಳಗೇ ಇರಬೇಕೇ ಅಂತ ಪ್ರತಿ ಸಲ ಕೇಳುತ್ತೀರಾ? ಮೊದಲ ತಪ್ಪಿನವರನ್ನು ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಮನೆಗೆ ಕಳಿಸಿ ಅಂತ 1958ರಲ್ಲೇ ಪ್ರೊಬೇಷನ್ ಕಾಯ್ದೆ ಮಾಡಿದ್ದೀರಿ. ಅದರ ಮೇಲಿನ ಧೂಳು ಒರೆಸಿ ಓದಿ.

*

ಇಲ್ಲಿ ನಮ್ಮ ಗೆಳೆಯರೇ ಎದ್ದು ನಿಂತು ಒಂದು ಪ್ರಶ್ನೆ ಹಾಕುತ್ತಾರೆ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ ನಮ್ಮ ಏಳು ಜನರನ್ನು ಸುಟ್ಟವರಿಗೂ ನಂಟು ಬೇಕೆ? ಅವರ ಮನೆಯವರ ಕಣ್ಣೀರೂ ಒರೆಸೋಣವೆ?

ಪ್ರಶ್ನೆ ಸರಿಯಾಗಿದೆ. ಉತ್ತರ ನೇರವಾಗಿ ಕೊಡುತ್ತೇವೆ. ಕಂಬಾಲಪಲ್ಲಿಯಲ್ಲಿ ಯಾರಿಗೂ ಶಿಕ್ಷೆಯೇ ಆಗಲಿಲ್ಲ. ಆರೋಪಿಗಳೆಲ್ಲ ಖುಲಾಸೆಯಾದರು. ಸುಟ್ಟವರು ಯಾರೂ ಇಲ್ಲ, ಸುಟ್ಟುಹೋದವರು ಮಾತ್ರ ಇದ್ದಾರೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ನಾವು ಪಟಾಕಿ ಹೊಡೆಯಲಿಲ್ಲ, ಆದರೆ ಉಸಿರು ಬಿಟ್ಟೆವು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಅವರಲ್ಲಿ ಬಹುತೇಕ ಎಲ್ಲರಿಗೂ ಜಾಮೀನಾಯಿತು.

ಮೇಲ್ಮನವಿ ಮಾಡುವುದು, ಜಾಮೀನು ಕೇಳುವುದು ಅವರ ಹಕ್ಕು. ಅವರ ಮಕ್ಕಳು ಅಪ್ಪನ ಮುಖ ನೋಡಬಾರದು ಅಂತ ನಾವು ಹೇಳುವುದಿಲ್ಲ. ಹೇಳಿದರೆ ನಾವೂ ಅವರ ಹಾಗೇ ಆಗುತ್ತೇವೆ. ಶಿಕ್ಷೆ ಆಗಲೇಬೇಕು. ಆದರೆ ಶಿಕ್ಷೆ ಅಂದರೆ ಸ್ವಾತಂತ್ರ್ಯ ಕಳೆದುಕೊಳ್ಳುವುದು. ತಾಯಿಯನ್ನು ಕಳೆದುಕೊಳ್ಳುವುದಲ್ಲ. ನಾವು ಕೇಳುವುದು ಒಂದೇ ಅಳತೆಗೋಲು. ಬೆಂಕಿ ಹಚ್ಚಿದ ಅಪರಾಧ ಕೋರ್ಟಿನಲ್ಲಿ ಸಾಬೀತಾದವರು ಒಂದು ತಿಂಗಳಲ್ಲಿ ಮನೆಗೆ, ಮೋಟಾರಿನ ಅನುಮಾನದವನು ಜಾಮೀನು ಸಿಕ್ಕಮೇಲೂ ಒಂದು ವರ್ಷ ಒಳಗೆ. ಒಂದು ಅಳತೆಗೋಲಿನಲ್ಲಿ ಇವೆರಡೂ ಹೇಗೆ ಬರುತ್ತವೆ?

*

ಆಗುವುದಿಲ್ಲ ಅನ್ನುವವರಿಗೆ ಆಗಿರುವುದನ್ನು ತೋರಿಸುತ್ತೇವೆ. 1939ರಲ್ಲಿ ಔಂಧ್ ಎಂಬ ಪುಟ್ಟ ಸಂಸ್ಥಾನದ ರಾಜ ಮತ್ತು ಪೋಲೆಂಡಿನಿಂದ ಬಂದ ಮಾರಿಸ್ ಫ್ರಿಡ್‌ಮನ್ ಸೇರಿ ಆಟಪಾಡಿಯ ಹತ್ತಿರ ಸ್ವತಂತ್ರಪುರ ಎಂಬ ಗೋಡೆಯಿಲ್ಲದ ಜೈಲು ಮಾಡಿದರು. ಕೊಲೆ ಮಾಡಿದವರು ಅಲ್ಲಿ ಹೆಂಡತಿ ಮಕ್ಕಳ ಜತೆ ಬೇಸಾಯ ಮಾಡಿಕೊಂಡಿದ್ದರು. ಜೈಪುರದ ಹತ್ತಿರ ಸಾಂಗಾನೇರಿನಲ್ಲಿ 1963ರಿಂದ ಬಯಲು ಜೈಲಿದೆ. ಕೈದಿಗಳು ಸಂಸಾರದೊಂದಿಗೆ ಇರುತ್ತಾರೆ, ಹಗಲು ಹೊರಗೆ ದುಡಿಯುತ್ತಾರೆ, ಸಂಜೆ ಹಾಜರಿಗೆ ಬರುತ್ತಾರೆ. ನಮ್ಮಲ್ಲಿ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಇಷ್ಟು ದೊಡ್ಡ ನಾಡಿಗೆ ಅದು ಎಲ್ಲಿ ಸಾಕು? ರಂಗಾಯಣದ ಹುಲುಗಪ್ಪ ಕಟ್ಟೀಮನಿ ಕೈದಿಗಳಿಂದ ‘ತಲೆದಂಡ’ದಂಥ ನಾಟಕ ಆಡಿಸಿ ಅವರನ್ನು ಗೋಡೆಯಾಚೆಗೆ ಕರೆತಂದರು. ಬಣ್ಣ ಹಚ್ಚಿಕೊಂಡ ಮುಖ ನೋಡಲು ಜನ ಟಿಕೆಟ್ಟು ಕೊಂಡು ಬಂದರು. 2023ರಲ್ಲಿ ಕರ್ನಾಟಕ ಹೈಕೋರ್ಟು ಕೊಲೆ ಕೇಸಿನ ಕೈದಿಯೊಬ್ಬನಿಗೆ ಪ್ರೀತಿಸಿದವಳನ್ನು ಮದುವೆಯಾಗಲು 15 ದಿನದ ಪೆರೋಲು ಕೊಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹಾಗಾದರೆ ನಮ್ಮ ಬೇಡಿಕೆ ಇವು. ಪಹಣಿ ಇಲ್ಲದವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ. ಹೆತ್ತವಳ ಮಾತು ಭದ್ರತೆಯಾಗಲಿ. ಸಂದರ್ಶನದ ದಿನ ಯಾವುದು, ರಜ ಯಾವುದು ಅಂತ ಪಂಚಾಯ್ತಿ ಗೋಡೆಯ ಮೇಲೆ ಬರೆಸಿ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು, ಒಳ್ಳೆಯದಾಯಿತು. ಆದರೆ ಕಳೆದುಹೋದ ಆ ದಿನದ ಕೂಲಿಯನ್ನು ಯಾವ ಕಂಡಕ್ಟರೂ ವಾಪಸು ಕೊಡುವುದಿಲ್ಲ. ಗಾಜಿನಾಚೆ ಫೋನು ಹಿಡಿಸಿ ಕಿವುಡಿ ಮುದುಕಿಯರನ್ನು ಕೂಗಾಡಿಸಬೇಡಿ. ತಾಯಿ ಮಗ ಎದುರುಬದುರು ಕೂತು ಕೈ ಮುಟ್ಟುವ ಹಾಗೆ ಮಾಡಿ. ಪೆರೋಲಿಗೆ ಪೋಲೀಸು ವರದಿ ಕೇಳುವಾಗ ಊರಿನ ಯಜಮಾನರ ಮನೆ ಜಗಲಿಯಲ್ಲಿ ಕೂತು ಬರೆಯಬೇಡಿ. ಕೇರಿಗೆ ಬನ್ನಿ, ನಮ್ಮನ್ನೂ ಕೇಳಿ.

ಕೇರಿಯನ್ನೂ ನಾವು ಕೇಳಬೇಕು. ಗಂಡಸು ಜೈಲಿಗೆ ಹೋದರೆ ಬುತ್ತಿ ಕಟ್ಟಿಕೊಂಡು ಹೋಗುವ ಹೆಂಗಸರಿದ್ದಾರೆ. ಹೆಂಗಸು ಜೈಲಿಗೆ ಹೋದರೆ ಬುತ್ತಿ ಕಟ್ಟುವ ಗಂಡಸು ಎಲ್ಲಿದ್ದಾನೆ? ಬಂದವಳನ್ನು ಮನೆಗೆ ಸೇರಿಸದೆ ಕುಲ ಕೂಡಿಸಿ ದಂಡ ಹಾಕಿದ ಹಟ್ಟಿಗಳು ನಮ್ಮವೂ ಇವೆ. ಊರು ನಮಗೆ ಮಾಡಿದ್ದನ್ನೇ ನಾವು ಅವಳಿಗೆ ಮಾಡಿದರೆ ಯಾವ ಬಾಯಲ್ಲಿ ಹೋರಾಟದ ಹಾಡು ಹೇಳುವುದು? ಇನ್ನು ನಾವು, ಪದ್ಯ ಬರೆಯುವವರು. ಜೈಲು, ಸರಪಳಿ, ಕತ್ತಲಕೋಣೆ ಅಂತ ನಮ್ಮ ಪದ್ಯಗಳಲ್ಲಿ ಎಷ್ಟು ಸಲ ಬರೆದಿದ್ದೇವೆ. ಹದಿನೈದು ತಿಂಗಳಲ್ಲಿ ನಮ್ಮ ಅಣ್ಣನಿಗೆ ನಾವು ಒಂದು ಕಾರ್ಡು ಬರೆಯಲಿಲ್ಲ. ಪರೀಕ್ಷೆ ಇತ್ತು, ಕವಿಗೋಷ್ಠಿ ಇತ್ತು, ನಾಚಿಕೆಯೂ ಇತ್ತು. ಡಿಗ್ರಿ ಮಾಡಿದವರಿಗೆ ಕಳ್ಳ ಅಣ್ಣ ಇರಬಾರದಲ್ಲ! ಅವನಿಗೆ ಅಕ್ಷರ ಕಲಿಸಿದವನು ಯಾರೋ ಕೈದಿ, ನಾವಲ್ಲ.

ಮುಖ್ಯ ಅತಿಥಿಗಳು ಅಂದು ಅಂಗುಲಿಮಾಲನ ಕಥೆಯನ್ನು ಅರ್ಧ ಹೇಳಿದರು. ಪೂರ್ತಿ ಕಥೆ ಹೀಗಿದೆ. ಬುದ್ಧ ಅವನಿಗೆ ಭಾಷಣ ಮಾಡಿ ಬಾದಾಮಿ ಹಾಲು ಕುಡಿದು ಹೊರಟುಹೋಗಲಿಲ್ಲ. ಜತೆಯಲ್ಲಿ ಕರೆದುಕೊಂಡು ಹೋದ, ಸಂಘದಲ್ಲಿ ಇರಿಸಿಕೊಂಡ. ಕೋಸಲದ ರಾಜ ಪ್ರಸೇನಜಿತ ಐನೂರು ಕುದುರೆಗಳೊಂದಿಗೆ ಹಿಡಿಯಲು ಬಂದಾಗ, ಪಕ್ಕದಲ್ಲಿ ಕೂತವನ ಕಡೆ ಕೈ ಚಾಚಿ ಇವನೇ ಅವನು, ಹೆದರಬೇಡ ಎಂದ. ರಾಜ ವಾಪಸು ಹೋದ. ಆಮೇಲೂ ಊರಿನವರು ಕಲ್ಲು ಹೊಡೆದರು. ತಲೆ ಒಡೆದು ರಕ್ತ ಸುರಿಸಿಕೊಂಡು ಅಂಗುಲಿಮಾಲ ಬಂದದ್ದು ಬುದ್ಧನ ಹತ್ತಿರಕ್ಕೇ. ಬರಲು ಅವನಿಗೊಂದು ಜಾಗ ಇತ್ತು. ಬುದ್ಧ ಅವನಿಗೆ ಜಾಮೀನು ನಿಂತಿದ್ದ. ಯಾವ ಊರಿನ, ಯಾವ ಸರ್ವೇ ನಂಬರಿನ ಪಹಣಿ ತೋರಿಸಿದ್ದ?

ಬರುವ ಸೋಮವಾರ ಜೈಲಿನ ಗೇಟು ತೆಗೆಯುವ ಹೊತ್ತಿಗೆ ನಾವು ಆ ಹುಣಸೇಮರದ ಕೆಳಗಿರುತ್ತೇವೆ. ಕೈಯಲ್ಲಿ ಹಾರ ಇರುವುದಿಲ್ಲ, ಪದ್ಯವೂ ಇರುವುದಿಲ್ಲ. ಅರ್ಜಿ ಬರೆಯಲು ಒಂದು ಪೆನ್ನು ಇರುತ್ತದೆ. ಎಡಗಣ್ಣಿನ ಹುಬ್ಬಿನ ಮೇಲೆ ಗಾಯದ ಗುರುತಿರುವ ಹುಡುಗನನ್ನು ಕೇಳಿಕೊಂಡು ಬಂದ ಆ ತಾಯಿಯನ್ನು ಹುಡುಕಬೇಕು. ನೀವೂ ಬನ್ನಿ. ಬರುವಾಗ ಪಹಣಿ ತರಬೇಡಿ.